ಮೂಲ ಪ್ರತಿ ನೋಡಲಾಗಿದೆ

ಜೂನ್ ೪

ಅಮ್ಮಾ,

ತಲುಪಿದೆ, ರೂಮು ಸಿಕ್ಕಿತು, ಊಟ ಸರಿಯಾಗಿ ಮಾಡುತ್ತಿದ್ದೇನೆ. ನೀನು ಕೇಳುವ ಮೂರು ಪ್ರಶ್ನೆಗೂ ಉತ್ತರ ಮೊದಲೇ ಕೊಟ್ಟಿದ್ದೇನೆ, ಇನ್ನು ನೆಮ್ಮದಿಯಾಗಿ ಓದು. ಫೋನು ಮಾಡೋಣವೆಂದರೆ ನಾನು ಹೇಳುವುದು ಒಂದು, ನಿನ್ನ ಕಿವಿಗೆ ಬೀಳುವುದು ಇನ್ನೊಂದು, ಚಿಕ್ಕಮ್ಮ ನಡುವೆ ಕೂಗಿ ಹೇಳುವುದು ಮೂರನೆಯದು. ಕಾಗದವೇ ವಾಸಿ.

ಕೆಲಸ ನಿನಗೆ ಗೊತ್ತಿರುವುದೇ. ನೀನು ಮೂವತ್ತೊಂದು ವರ್ಷ ಕೂತಂಥ ಕುರ್ಚಿಯಲ್ಲೇ, ಬೇರೆ ಊರಿನಲ್ಲಿ, ನಾನು ಕೂತಿದ್ದೇನೆ. ವೆಲ್ಡಿಂಗು, ವೈರಿಂಗು, ಮೋಟಾರ್ ವೈಂಡಿಂಗು ಕಲಿಯಲು ಬರುವವರ ಫೀಸನ್ನೂ ತಿಂಗಳ ಭತ್ಯೆಯನ್ನೂ ಸರ್ಕಾರ ಕೊಡುತ್ತದೆ. ಅದಕ್ಕೆ ಬಂದವರು ತಾವು ಯಾರು ಎನ್ನುವುದಕ್ಕೆ ಒಂದು ದಾಖಲೆ, ಮೂರು ವರ್ಷದಿಂದ ಇಲ್ಲೇ ವಾಸ ಎನ್ನುವುದಕ್ಕೆ ಇನ್ನೊಂದು ದಾಖಲೆ ತೋರಿಸಬೇಕು. ನಾನು ಮೂಲ ಪ್ರತಿ ನೋಡಿ, ನಕಲಿನ ಮೇಲೆ ‘ಮೂಲ ಪ್ರತಿ ನೋಡಲಾಗಿದೆ’ ಎಂಬ ಸೀಲು ಒತ್ತಿ ಸಹಿ ಹಾಕಬೇಕು. ಕೌಂಟರಿನ ಗಾಜಿನಲ್ಲಿ ಕೊರೆದಿರುವ ತೂತು ಎದೆಮಟ್ಟಕ್ಕಿದೆ, ಮಾತಾಡಬೇಕಾದರೆ ಎಲ್ಲರೂ ಬಗ್ಗಲೇಬೇಕು. ಕೊರೆದವನು ಗಿಡ್ಡನೋ, ಕೊರೆಸಿದವನು ಅಹಂಕಾರಿಯೋ, ಗೊತ್ತಿಲ್ಲ.

ನಮ್ಮ ಮೇಲಿನ ಸಾಹೇಬರಿಗೆ ಇಲ್ಲಿ ಎಲ್ಲರೂ ‘ಸ್ಕೇಲು’ ಎನ್ನುತ್ತಾರೆ. ಸಹಿಯ ಕೆಳಗೂ ಅಳತೆಪಟ್ಟಿ ಇಟ್ಟು ಗೆರೆ ಎಳೆಯುವ ಮನುಷ್ಯ. ಮೊದಲ ದಿನವೇ ನನ್ನನ್ನು ಕರೆದು, "ದಾಖಲೆ ಇದೆಯಾ, ತಗೋ. ಇಲ್ವಾ, ಕಳಿಸು. ಅವತ್ತಿನದು ಅವತ್ತೇ ತೀರ್ಮಾನ ಆಗ್ಬೇಕು. ನಡುವೆ ತೂಗಾಡೋದು ಇಲ್ಲಿ ನಡೆಯಲ್ಲ" ಎಂದರು. ನಡೆಯಲಿಲ್ಲ. ಹನ್ನೊಂದು ಜನರನ್ನು ವಾಪಸ್ ಕಳಿಸಿದೆ.

ಹನ್ನೆರಡನೆಯವಳನ್ನು ಕಳಿಸಲು ಕೈ ಬರಲಿಲ್ಲ. ನಲವತ್ತರ ಹತ್ತಿರದ ಹೆಂಗಸು, ಕೈ ತುಂಬ ಒಲೆಯ ತಟ್ಟೆ ತಗುಲಿದ ಸುಟ್ಟ ಗುರುತು. ಬೇಕರಿಯಲ್ಲಿ ಕೆಲಸವಂತೆ; ಸಾಲಿನಲ್ಲಿದ್ದ ಹುಡುಗರು ಆಗಲೇ ‘ಬ್ರೆಡ್ಡಮ್ಮ’ ಎಂದು ಹೆಸರಿಟ್ಟಿದ್ದರು, ಅವಳೂ ಅದಕ್ಕೆ ಓಗೊಡುತ್ತಿದ್ದಳು. "ಹಿಟ್ಟು ಕಲಸೋ ಮೋಟಾರು ವರ್ಷಕ್ಕೆ ನಾಲ್ಕು ಸಲ ಸುಡುತ್ತೆ ಸಾರ್. ರಿಪೇರಿಯವನು ಬರೋ ತನಕ ನಾನು ಕೈಯಲ್ಲೇ ಕಲಸ್ಬೇಕು. ಅದಕ್ಕೇ ಆ ಹಾಳಾದ ವೈಂಡಿಂಗ್ ನಾನೇ ಕಲಿಯೋಣ ಅಂತ" ಎಂದಳು. ಗುರುತಿನ ಚೀಟಿ ಸರಿಯಾಗಿದೆ. ಇಲ್ಲಿಗೆ ಬಂದು ಒಂಬತ್ತು ವರ್ಷ ಎನ್ನುತ್ತಾಳೆ, ಆದರೆ ಕಾಗದ ಇರುವುದು ಎರಡೇ ವರ್ಷದ್ದು. ಮೊದಲ ಏಳು ವರ್ಷ ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಗಳ ಪಕ್ಕ ಮಲಗುತ್ತಿದ್ದಳಂತೆ. ಹಿಟ್ಟಿನ ಮೂಟೆ ಬಾಡಿಗೆ ರಸೀದಿ ಕೊಡುತ್ತದೆಯೇ? ನಾಳೆ ಬನ್ನಿ ಎಂದು ಹೇಳಿ ಕಡತವನ್ನು ಡ್ರಾಯರಿಗೆ ಹಾಕಿದ್ದೇನೆ. ನಾಳೆ ಏನು ಹೇಳಲಿ?

ನಿನ್ನ ಮಗ

ಜೂನ್ ೧೨

ಮಗನೇ,

ಊಟ ಸರಿಯಾಗಿ ಮಾಡುತ್ತಿದ್ದೇನೆ ಎಂದು ಬರೆಯುವವರು ಯಾರೂ ಸರಿಯಾಗಿ ಊಟ ಮಾಡುತ್ತಿರುವುದಿಲ್ಲ. ಮೂವತ್ತೊಂದು ವರ್ಷ ಜನರ ಹೇಳಿಕೆಗಳನ್ನು ಓದಿದವಳು ನಾನು, ನನ್ನ ಹತ್ತಿರ ಈ ಆಟ ಬೇಡ.

ನಿನ್ನ ಸ್ಕೇಲಿನಂಥವರನ್ನು ನಾನು ನಾಲ್ಕು ಜನರನ್ನು ನೋಡಿ ನಿವೃತ್ತಿ ಮಾಡಿಸಿ ಕಳಿಸಿದ್ದೇನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅವರ ಜೊತೆ ವಾದ ಮಾಡಬೇಡ. ನಾನು ಮಾಡುತ್ತಿದ್ದುದನ್ನು ಹೇಳುತ್ತೇನೆ, ಕೇಳು. ದಾಖಲೆ ಸಾಲದು, ಆದರೆ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ನಿನಗೆ ಅನಿಸಿದರೆ, ನಕಲಿನ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡು. ಚಿಕ್ಕದು, ಸಾಸಿವೆಯಷ್ಟು. ಚುಕ್ಕೆ ಇದ್ದರೆ ಈ ಕಡತ ಬೇಡವೆಂದಲ್ಲ, ಇನ್ನೊಂದು ಕಾಗದ ಬರಬೇಕಿದೆ ಎಂದು ನಿನಗೆ ನೀನೇ ಹೇಳಿಕೊಂಡ ಹಾಗೆ. ಅವತ್ತಿನ ಲೆಕ್ಕಕ್ಕೆ ‘ಸ್ವೀಕರಿಸಿದೆ’ ಎಂದೇ ಬರೆ. ಅವರು ಕಾಗದ ತಂದ ದಿನ ಚುಕ್ಕೆ ಅಳಿಸು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆಸ್ಪತ್ರೆಯ ಚೀಟಿ, ಚುಚ್ಚುಮದ್ದಿನ ಕಾರ್ಡು, ಧಣಿ ಬರೆದುಕೊಟ್ಟ ಪತ್ರ, ತಾರೀಕಿರುವ ಏನಾದರೂ ನಡೆಯುತ್ತದೆ. ಜನ ಒಂಬತ್ತು ವರ್ಷ ಒಂದು ಕಡೆ ಬದುಕಿದರೆ ಎಲ್ಲೋ ಒಂದು ಕಡೆ ಕಾಗದದ ಚೂರು ಬೀಳಿಸಿಯೇ ಇರುತ್ತಾರೆ, ಹುಡುಕಲು ಪುರುಸೊತ್ತು ಬೇಕು ಅಷ್ಟೇ. ನನ್ನ ಚುಕ್ಕೆಯ ಕಡತಗಳಲ್ಲಿ ಒಂದೇ ಒಂದೂ ಹಾಳಾಗಿಲ್ಲ.

ಬ್ರೆಡ್ಡಮ್ಮನಿಗೆ ಚುಕ್ಕೆ ಇಡು. ಹಾಗೆಯೇ ರಾತ್ರಿಗೆ ಬರೀ ಬ್ರೆಡ್ಡು ತಿಂದು ಮಲಗಬೇಡ.

ಅಮ್ಮ

ಜುಲೈ ೯

ಅಮ್ಮಾ,

ನಿನ್ನ ಸಾಸಿವೆ ಮೊಳೆತಿದೆ. ಈ ಮೂರು ವಾರದಲ್ಲಿ ನಲವತ್ತಮೂರು ಕಡತಕ್ಕೆ ಚುಕ್ಕೆ ಇಟ್ಟೆ, ಆರನ್ನು ಆಗಲೇ ಅಳಿಸಿದ್ದೇನೆ. ಬ್ರೆಡ್ಡಮ್ಮ ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ಕೌಂಟರಿನ ಮೇಲೆ ಸುರಿದಳು. ಬೇಕರಿ ಯಜಮಾನನ ಪತ್ರ, ಏಳು ವರ್ಷದ ಹಿಂದೆ ಕೈ ಸುಟ್ಟುಕೊಂಡಾಗಿನ ಆಸ್ಪತ್ರೆ ಚೀಟಿ, ತೂಕ ನೋಡುವ ಯಂತ್ರದ ಹದಿನೆಂಟು ಟಿಕೇಟು. "ಇದೂ ಆಗುತ್ತಾ ಸಾರ್? ತಾರೀಕಿದೆ" ಎಂದಳು. ತೂಕ ಬಿಟ್ಟು ಉಳಿದವನ್ನು ತೆಗೆದುಕೊಂಡೆ. ಸೀಲು ಒತ್ತಿದೆ. ಅವಳು ಆ ಸೀಲಿನ ಮಸಿ ಒಣಗುವ ತನಕ ನಿಂತು ನೋಡಿ ಹೋದಳು. ಈಗ ವೈಂಡಿಂಗ್ ಮೇಷ್ಟ್ರಿಗೆ ಅವಳೇ ಅಚ್ಚುಮೆಚ್ಚು. ತಂತಿ ಸುತ್ತುವಾಗ ಎಣಿಕೆ ತಪ್ಪುವುದಿಲ್ಲವಂತೆ, ಹುಡುಗರು ಇನ್ನೂರಕ್ಕೆ ಹೋಗುವುದರೊಳಗೆ ಮೂರು ಸಲ ಬಿಚ್ಚುತ್ತಾರಂತೆ.

ಒಂದು ಸಣ್ಣ ಸಂಗತಿ. ಈಗ ಶನಿವಾರ ಶನಿವಾರ ಒಬ್ಬ ಮನುಷ್ಯ ಬಂದು ಎಲ್ಲ ನಕಲುಗಳನ್ನೂ ಸ್ಕ್ಯಾನ್ ಮಾಡಿಕೊಂಡು ಹೋಗುತ್ತಾನೆ. ಯಾವ ಕಚೇರಿಯವನೆಂದು ಹೇಳುವುದಿಲ್ಲ, ಕೇಳಿದರೆ ‘ಮೇಲಿನಿಂದ’ ಎನ್ನುತ್ತಾನೆ. ಹೋದ ಶನಿವಾರ ಅವನು ಕಡತಗಳನ್ನು ತಿರುವುತ್ತ ಸ್ಕೇಲನ್ನು ಕರೆದ. ಸ್ಕೇಲು ನನ್ನನ್ನು ಕರೆದರು. "ಈ ಮೂಲೇಲಿ ಏನಿದು ಚುಕ್ಕೆ?" ಎಂದರು. ಅವತ್ತಿನದು ಅವತ್ತೇ ತೀರ್ಮಾನವಾಗಬೇಕು ಎಂದ ಮನುಷ್ಯನಿಗೆ ನಾನು ಕಾಲಾವಕಾಶ ಕೊಟ್ಟಿದ್ದೇನೆ ಎಂದು ಹೇಗೆ ಹೇಳಲಿ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಅನುಮಾನ ಇರೋವು ಸಾರ್. ಗುರುತು ಹಾಕಿಟ್ಟಿದೀನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಸ್ಕೇಲು ಬೆನ್ನು ತಟ್ಟಿದರು. ಬಂದವನು ಮೊದಲ ಸಲ ನನ್ನ ಮುಖ ನೋಡಿ, "ಒಳ್ಳೆ ಕೆಲಸ" ಎಂದ. ಪ್ರೊಬೇಷನ್ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತದೆ, ಕಾಯಂ ಆಗುವುದು ಖಂಡಿತ ಎಂದು ಸ್ಕೇಲು ಹೇಳಿದರು. ಚಿಕ್ಕಮ್ಮನಿಗೂ ಹೇಳು.

ನಿನ್ನ ಮಗ

ಜುಲೈ ೧೭

ಮಗನೇ,

ಚಿಕ್ಕಮ್ಮನಿಗೆ ಹೇಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ. ನೀನು ಆ ಮಾತು ಆಡಬಾರದಿತ್ತು. ಉಳಿದ ಚುಕ್ಕೆಗಳನ್ನೆಲ್ಲ ಈಗಲೇ ಅಳಿಸು, ಹೊಸದಾಗಿ ಇಡಬೇಡ. ಆಮೇಲೆ ಸ್ಕೇಲಿನ ಹತ್ತಿರ ಹೋಗಿ, ಅನುಮಾನವಲ್ಲ ಸಾರ್, ಇನ್ನೊಂದು ಕಾಗದ ಬರಬೇಕಿತ್ತು ಅಷ್ಟೇ, ತಪ್ಪಾಗಿ ಹೇಳಿದೆ ಎಂದು ಹೇಳು. ಬೈದರೆ ಬೈಸಿಕೋ. ಬೈಗುಳ ಮೈಗೆ ಅಂಟುವುದಿಲ್ಲ.

ಶನಿವಾರ ಬರುವವನು ಯಾವ ಕಚೇರಿಯವನು? ಅದನ್ನು ತಿಳಿದುಕೊಂಡು ತಕ್ಷಣ ಬರೆ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಅಮ್ಮ

ಆಗಸ್ಟ್ ೨೧

ಅಮ್ಮಾ,

ತಡವಾಯಿತು. ಎರಡನೇ ತಂಡದ ದಾಖಲಾತಿ ಶುರುವಾಗಿದೆ, ಉಸಿರಾಡಲೂ ಬಿಡುವಿಲ್ಲ. ಇಲ್ಲಿ ಸೆಖೆ ಜಾಸ್ತಿ. ರೂಮಿನ ಫ್ಯಾನು ಹಾಳಾಗಿತ್ತು, ಬ್ರೆಡ್ಡಮ್ಮ ಅದರ ಮೋಟಾರನ್ನು ಕ್ಲಾಸಿಗೆ ಒಯ್ದು ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು ತಂದುಕೊಟ್ಟಳು. ಈಗ ಮೊದಲಿಗಿಂತ ಜೋರಾಗಿ ತಿರುಗುತ್ತದೆ. ದುಡ್ಡು ಕೊಡಲು ಹೋದರೆ, "ಮೊದಲ್ನೇ ಗಿರಾಕಿ ಹತ್ರ ತಗೋಬಾರದು ಸಾರ್" ಎಂದು ನಕ್ಕಳು.

ಚುಕ್ಕೆಗಳನ್ನು ಅಳಿಸಿದೆ. ಕಾಗದದ ಮೇಲಿನವು ಹೋದವು. ಸ್ಕ್ಯಾನ್ ಆದವು ಅವರ ಹತ್ತಿರ ಇವೆ.

ವೆಲ್ಡಿಂಗ್ ತಂಡದ ಇಬ್ಬರು, ವೈರಿಂಗಿನ ಒಬ್ಬ ಈಗ ಕ್ಲಾಸಿಗೆ ಬರುತ್ತಿಲ್ಲ. ಮೂವರಿಗೂ ಮನೆಗೆ ಒಂದು ನೋಟೀಸು ಬಂದಿತ್ತಂತೆ, ವಾಸದ ದಾಖಲೆ ಸಂಬಂಧ ಹಾಜರಾಗಿ ಎಂದು. ಹೋಗಿದ್ದಾರೆ. ವೈರಿಂಗ್ ಹುಡುಗನ ಸೈಕಲ್ಲು ನಮ್ಮ ಶೆಡ್ಡಿನಲ್ಲೇ ಬೀಗ ಹಾಕಿಕೊಂಡು ನಿಂತಿದೆ. ಸ್ಕೇಲನ್ನು ಕೇಳಿದರೆ, "ಸೀಟು ಖಾಲಿ ಆದ್ರೆ ಮುಂದಿನವರನ್ನ ತುಂಬು. ನಿನ್ನ ಕೆಲಸ ಕೌಂಟರಿನ ಒಳಗಿಂದು" ಎಂದರು. ಕಾಯಿಲೆ ಕಸಾಲೆ ಏನಾದರೂ ಇರಬಹುದು. ಜನ ಊರು ಬಿಟ್ಟು ಹೋಗುವುದೂ ಉಂಟು.

ನಿನ್ನ ಕಣ್ಣಿನ ಡಾಕ್ಟರು ಏನೆಂದರು?

ನಿನ್ನ ಮಗ

ಆಗಸ್ಟ್ ೨೯

ಮಗನೇ,

ನನ್ನ ಕಣ್ಣು ನೆಟ್ಟಗಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ನೀನು ಬರೆದ ಕಾಗದವೂ ಚೆನ್ನಾಗಿಯೇ ಕಂಡಿತು. ನಾನು ಎರಡು ವಿಷಯ ಕೇಳಿದ್ದೆ. ಸ್ಕೇಲಿಗೆ ಹೇಳಿದೆಯಾ ಎನ್ನುವುದಕ್ಕೆ ಸೆಖೆ ಜಾಸ್ತಿ ಎಂದು ಬರೆದಿದ್ದೀಯ. ಅವನು ಯಾವ ಕಚೇರಿಯವನು ಎನ್ನುವುದಕ್ಕೆ ಫ್ಯಾನು ತಿರುಗುತ್ತಿದೆ ಎಂದು ಬರೆದಿದ್ದೀಯ.

ಆ ಮೂವರು ಎಲ್ಲಿಗೆ ಹೋದರು? ಆ ಕಟ್ಟಡ ಎಲ್ಲಿದೆ? ಅದರ ಮೇಲೆ ಏನು ಬೋರ್ಡು ಇದೆ? ನಿನಗೆ ಎರಡು ಕಾಲಿದೆ, ಹೋಗಿ ನೋಡಿ ಬಾ. ಕೌಂಟರಿನ ಒಳಗಿನದು ಮಾತ್ರ ನನ್ನ ಕೆಲಸ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡ. ನಾನು ಒಂದು ಸಲ ಕೇಳಿದ್ದೆ.

ನಲವತ್ತಮೂರು ಎಂದು ನೀನು ಬರೆದಿದ್ದೆ. ಉಳಿದ ನಲವತ್ತು ಜನರಿಗೆ ನೀನು ಬಾಯಿಬಿಟ್ಟು ಹೇಳಬೇಕು.

ಅಮ್ಮ

ಸೆಪ್ಟೆಂಬರ್ ೧೧

ಅಮ್ಮಾ,

ಹೋಗಿ ನೋಡಿ ಬಂದೆ. ಬಸ್ ಡಿಪೋದ ಹಿಂದೆ, ನೀರಿನ ಟ್ಯಾಂಕು ದಾಟಿದ ಮೇಲೆ ಇದೆ. ಹಿಂದೆ ಕೋಲ್ಡ್ ಸ್ಟೋರೇಜ್ ಆಗಿತ್ತಂತೆ. ದಪ್ಪ ಗೋಡೆ, ಕಿಟಕಿಯೇ ಇಲ್ಲ, ಬಾಗಿಲು ಒಂದಡಿ ದಪ್ಪ. ಮೇಲೆ ‘ವಾಸ ಪರಿಶೀಲನಾ ವಿಭಾಗ’ ಎಂದು ಹೊಸ ಬೋರ್ಡು. ಎದುರಿಗೆ ಚಹಾ ಮಾರುವವನು ಹೇಳಿದ: "ಬೆಳಿಗ್ಗೆ ಮುಂದಿನ ಬಾಗಿಲಲ್ಲಿ ಹೋಗ್ತಾರೆ ಸಾರ್. ದಾಖಲೆ ಸಾಲದು ಅಂತಾದ್ರೆ ಗುರುವಾರ ಹಿಂದಿನ ಬಾಗಿಲಿಗೆ ಲಾರಿ ಬರುತ್ತೆ. ಪ್ರಾಂತ್ಯದ ಆಚೆಗೆ ಬಿಟ್ಟು ಬರ್ತಾರೆ. ಆಚೆ ಎಲ್ಲಿ ಅಂತ ಕೇಳ್ಬೇಡಿ, ನನಗೆ ಗೊತ್ತಿಲ್ಲ." ಅವನು ಚಹಾಕ್ಕೆ ದುಡ್ಡು ತೆಗೆದುಕೊಳ್ಳುವ ಮೊದಲು ನನ್ನ ಕೊರಳಿನ ಗುರುತಿನ ಪಟ್ಟಿ ನೋಡಿದ. ಆಮೇಲೆ ಮಾತು ನಿಲ್ಲಿಸಿದ.

ನಲವತ್ತು ಜನರಲ್ಲಿ ಮೂವತ್ತೊಂದು ಜನ ಸಿಕ್ಕಿದರು. ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕರೆದು, ನೋಟೀಸು ಬಂದರೆ ಒಬ್ಬರೇ ಹೋಗಬೇಡಿ, ವಕೀಲರನ್ನು ಕೇಳಿ ಎಂದೆ. ಏಕೆ ಎಂದು ಕೇಳಿದವರಿಗೆ ಚುಕ್ಕೆಯ ವಿಷಯ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ ಅಮ್ಮಾ. ಸ್ಕೇಲಿಗೂ ಹೇಳಿಲ್ಲ. ದಿನಾ ಬೆಳಿಗ್ಗೆ ಅವರ ಬಾಗಿಲ ತನಕ ಹೋಗುತ್ತೇನೆ, ಮೂವತ್ತನೇ ತಾರೀಕು ಕಣ್ಣ ಮುಂದೆ ಬರುತ್ತದೆ, ಸಹಿ ಬೇಕಿತ್ತು ಸಾರ್ ಎಂದು ಬೇರೆ ಯಾವುದೋ ಕಾಗದ ಮುಂದೆ ಹಿಡಿದು ವಾಪಸ್ ಬರುತ್ತೇನೆ. ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ನಿನ್ನೆ ಬ್ರೆಡ್ಡಮ್ಮ ಕೌಂಟರಿಗೆ ಬಂದಳು. ಅವಳ ಕಡತದ ಚುಕ್ಕೆ ಅಳಿಸಿ ಎರಡು ತಿಂಗಳಾಯಿತು, ಆದರೆ ಮೊದಲ ಶನಿವಾರದ ಸ್ಕ್ಯಾನಿನಲ್ಲಿ ಅದು ಇತ್ತು. ನೋಟೀಸು ಹಿಡಿದುಕೊಂಡು ಮುಖವೆಲ್ಲ ನಗುವಾಗಿ ತೂತಿನ ಹತ್ತಿರ ಬಗ್ಗಿದಳು. "ನೋಡಿ ಸಾರ್, ಸರ್ಕಾರದವರೇ ಕರೆದಿದಾರೆ. ಖಾಯಂ ವಾಸದ ಚೀಟಿ ಕೊಡ್ತಾರೇನೋ. ಹತ್ತೊಂಬತ್ತಕ್ಕೆ, ಬೆಳಿಗ್ಗೆ ಹತ್ತು ಗಂಟೆಗೆ. ಹೋಗಲಾ ಸಾರ್?"

ನನ್ನ ಹಿಂದೆ ಸ್ಕೇಲು ನಿಂತಿದ್ದರು. ನಾನು, "ಕಾಗದಗಳನ್ನೆಲ್ಲಾ ತಗೊಂಡು ಹೋಗಿ" ಎಂದೆ.

ಸಂಜೆ ಅವಳನ್ನು ಹುಡುಕಿಕೊಂಡು ಬೇಕರಿಯ ಬೀದಿಗೆ ಹೋದೆ. ಎದುರಿನ ಪಾದಚಾರಿ ದಾರಿಯಲ್ಲಿ ನಿಂತು, ಅವಳು ತಟ್ಟೆ ತಟ್ಟೆಯಾಗಿ ಬ್ರೆಡ್ಡು ಜೋಡಿಸುವುದನ್ನು ಅರ್ಧ ಗಂಟೆ ನೋಡಿ ವಾಪಸ್ ಬಂದೆ. ಹೋಗಬೇಡಿ ಎಂದರೆ ಏಕೆ ಎನ್ನುತ್ತಾಳೆ. ಏಕೆ ಎಂದರೆ ನನ್ನಿಂದ ಎನ್ನಬೇಕು. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಮಗ

ಸೆಪ್ಟೆಂಬರ್ ೧೯, ಬೆಳಿಗ್ಗೆ

ಮಗನೇ,

ನಿನ್ನ ಕಾಗದ ಹದಿನಾರಕ್ಕೆ ಬಂತು. ನಾನು ಉತ್ತರ ಬರೆದಿದ್ದರೆ ಇಪ್ಪತ್ತೊಂದಕ್ಕೆ ನಿನ್ನ ಕೈಗೆ ಸಿಗುತ್ತಿತ್ತು. ಹಾಗಾಗಿ ಬಸ್ಸು ಹತ್ತಿದೆ. ಈಗ ನೀನು ಬರೆದಿದ್ದ ಆ ಕಟ್ಟಡದೊಳಗೆ, ಬೆಂಚಿನ ಮೇಲೆ, ಬ್ರೆಡ್ಡಮ್ಮನ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೆದರಬೇಡ, ಪೂರ್ತಿ ಓದು.

ನಿನ್ನೆ ಮಧ್ಯಾಹ್ನ ಬಂದಿಳಿದೆ. ನಿನ್ನ ರೂಮಿಗೆ ಬರಲಿಲ್ಲ. ನಿನ್ನ ಮುಖ ನೋಡಿದರೆ ನಿನ್ನ ಕೆಲಸ ಉಳಿಸುವ ಯೋಚನೆ ಬರುತ್ತದೆ, ನನ್ನನ್ನು ನಾನು ಬಲ್ಲೆ. ಬೇಕರಿ ಕೇಳಿಕೊಂಡು ಹೋದೆ, ಅವಳ ರೂಮಿನಲ್ಲೇ ಉಳಿದೆ. ಎಲ್ಲವನ್ನೂ ಹೇಳಿದೆ, ಚುಕ್ಕೆ ಯಾರದು, ಕಲಿಸಿದವರು ಯಾರು, ಅನುಮಾನ ಎಂದವರು ಯಾರು. ಅವಳು ಬೆಳಿಗ್ಗೆ ಒಯ್ಯಬೇಕಾದ ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತ ಕೇಳಿದಳು. ಆಮೇಲೆ, "ಸಾರ್ ಒಳ್ಳೆಯವ್ರೇ. ಹೆದರುಪುಕ್ಕಲು ಅಷ್ಟೇ" ಎಂದಳು. ನಾನು, ಬೇಡ, ಹೋಗಬೇಡ, ನನ್ನ ಜೊತೆ ಬಂದುಬಿಡು ಎಂದೆ. "ಹೋಗದಿದ್ರೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತಲ್ಲಮ್ಮಾ. ನಾನೇನು ಕದ್ದಿದೀನಾ? ಒಂಬತ್ತು ವರ್ಷ ಈ ಊರಿಗೆ ಬ್ರೆಡ್ಡು ಸುಟ್ಟಿದೀನಿ" ಎಂದಳು. ಅವಳ ಮಾತು ನನ್ನ ಕಿವುಡು ಎಡಗಿವಿಗೂ ಕೇಳಿಸಿತು.

ಈಗ ನಾನು ನಿನಗೆ ಹೇಳಬೇಕಾದದ್ದು. ನನ್ನ ಚುಕ್ಕೆಯ ಕಡತಗಳಲ್ಲಿ ಒಂದೂ ಹಾಳಾಗಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಒಂದು ಹಾಳಾಯಿತು. ಬಡಗಿ ಕೆಲಸ ಕಲಿಯಲು ಬಂದ ಒಬ್ಬ ಮನುಷ್ಯ, ಎರಡು ಮಕ್ಕಳ ತಂದೆ. ತಪಾಸಣೆಗೆ ಬಂದವರು ಅವನ ಕಡತ ನನ್ನ ಮುಂದೆ ಇಟ್ಟು, ಈ ಗುರುತು ನಿಮ್ಮದಾ ಎಂದರು. ನನ್ನದಲ್ಲ ಎಂದೆ. ಯಾರದೂ ಅಲ್ಲದ ಗುರುತು ಕಡತದ ಮೇಲೆ ಇದೆಯೆಂದರೆ ಕಡತ ತಿದ್ದಿದ್ದಾರೆ ಎಂದಾಯಿತು. ಕ್ಲಾಸಿನ ಮಧ್ಯದಿಂದಲೇ ಅವನನ್ನು ಕರೆದುಕೊಂಡು ಹೋದರು. ಹೋಗುವಾಗ ಅವನು ನನ್ನ ಮೇಜಿನ ಪಕ್ಕದಲ್ಲೇ ಹಾದು ಹೋದ. ನಾನು ತಲೆ ಎತ್ತಲಿಲ್ಲ. ನೀನು ಆಗ ನನ್ನ ಹೊಟ್ಟೆಯಲ್ಲಿ ಏಳು ತಿಂಗಳು, ನನ್ನದೂ ಇನ್ನೂ ಕಾಯಂ ಆಗಿರಲಿಲ್ಲ. ನಿನಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ, ಇಪ್ಪತ್ತೆಂಟು ವರ್ಷ ಹೇಳಿಕೊಂಡೆ. ಅವನ ಮಕ್ಕಳಿಗೆ ಏನಾಯಿತು ಎಂದು ವಿಚಾರಿಸುವ ಧೈರ್ಯ ಬರಲಿಲ್ಲ. ಆಮೇಲೂ ಚುಕ್ಕೆ ಇಡುವುದನ್ನು ಬಿಡಲಿಲ್ಲ, ಹಟವೋ ಪಾಪ ತೊಳೆಯುವ ಆಸೆಯೋ. ಆದರೆ ನಿನಗೆ ಕಲಿಸುವಾಗ ಚುಕ್ಕೆಯನ್ನು ಮಾತ್ರ ಕಲಿಸಿದೆ, ಅದು ನನ್ನದು ಎಂದು ಹೇಳುವುದನ್ನು ಕಲಿಸಲಿಲ್ಲ. ನಿನ್ನಲ್ಲಿರುವ ಹೆದರಿಕೆ ನನ್ನದೇ, ಮಗನೇ. ಅದಕ್ಕೆ ನಿನ್ನ ಮೇಲೆ ನನಗೆ ಕೋಪವಿಲ್ಲ.

ಇಲ್ಲಿ ಚಳಿ ಇದೆ. ಯಂತ್ರ ನಿಂತು ಎಷ್ಟು ವರ್ಷವಾಗಿದ್ದರೂ ಗೋಡೆಯ ತಂಪು ಹೋಗಿಲ್ಲ. ಬೆಂಚಿನ ಮೇಲೆ ಹದಿನಾಲ್ಕು ಜನ. ನಂಬರು ಕೂಗುವುದು ನನಗೆ ಕೇಳಿಸುವುದಿಲ್ಲ, ನಮ್ಮದು ಬಂದಾಗ ಕೈ ಒತ್ತುತ್ತೇನೆ ಎಂದು ಬ್ರೆಡ್ಡಮ್ಮ ನನ್ನ ಕೈ ಹಿಡಿದುಕೊಂಡಿದ್ದಾಳೆ. ಬಲಗೈ ಬಿಟ್ಟಿದ್ದಾಳೆ, ಬರೆಯಲಿ ಎಂದು.

ಮುಂದಿನದನ್ನು ಆಮೇಲೆ ಬರೆಯುತ್ತಿದ್ದೇನೆ. ಕರೆದರು. ಇಬ್ಬರೂ ಎದ್ದೆವು. ಮೇಜಿನ ಹಿಂದೆ ಇದ್ದವನು, ನಿನ್ನ ವಯಸ್ಸಿನವನು, "ಒಬ್ಬರೇ ಬರ್ಬೇಕು" ಎಂದ. ನಾನು ಚುಕ್ಕೆಯ ಕತೆಯನ್ನೆಲ್ಲ ಒಪ್ಪವಾಗಿ ಹೇಳಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಹೇಳಿದೆ. ಅವನು ಕೇಳಿಸಿಕೊಂಡು, "ಆಯ್ತು, ನೀವು ಈಕೆಗೆ ಏನಾಗಬೇಕು? ಏನೂ ಆಗದಿದ್ರೆ ಆಚೆ ಹೋಗಿ" ಎಂದ. ಹಿಂದಿನ ಬಾಗಿಲು ತೆರೆದೇ ಇತ್ತು ಕಣೋ. ನಾಳೆ ಗುರುವಾರ. ನಾನು, "ತಾಯಿ. ಇವಳು ನನ್ನ ಮಗಳು" ಎಂದೆ.

"ದಾಖಲೆ ಇದೆಯಾ?" ಎಂದ. ಹೆತ್ತಾಗ ಸೀಲು ಹಾಕಿಸಿಕೊಳ್ಳುವುದು ಮರೆತೆ ಎಂದೆ. ಅವನು ನಗಲಿಲ್ಲ. ನನ್ನ ಗುರುತಿನ ಚೀಟಿ ತೆಗೆದುಕೊಂಡು ಬರೆದುಕೊಂಡ. ಇಬ್ಬರೂ ಒಳಗಿನ ಕೋಣೆಯಲ್ಲಿ ಕೂರಬೇಕಂತೆ, ಹತ್ತು ನಿಮಿಷ ಎಂದಿದ್ದಾನೆ. ಚೀಟಿ ವಾಪಸ್ ಕೊಟ್ಟಿಲ್ಲ.

ಬೇಕರಿ ಯಜಮಾನ ಪಾಪ ವರಾಂಡದವರೆಗೆ ಬಂದು ನಿಂತಿದ್ದಾನೆ, ಈ ಕಾಗದ ಅವನ ಕೈಗೆ ಕೊಡುತ್ತೇನೆ. ನೀನು ಸ್ಕೇಲಿಗೆ ನಿಜ ಹೇಳು. ನಲವತ್ತಮೂರು ಹೆಸರೂ ಬರೆದು ಸಹಿ ಹಾಕಿ ಕೊಡು. ಆದರೆ ಇಲ್ಲಿಗೆ ಬರಬೇಡ. ಒಂದು ಮನೆಯಿಂದ ಒಬ್ಬರು ಸಾಕು.

ಅಮ್ಮ

ಸೆಪ್ಟೆಂಬರ್ ೨೬

ಅಮ್ಮಾ,

ಒಂದೇ ಪುಟ ಬರೆಯಬೇಕು, ಒಡೆದು ಓದಿದ ಮೇಲೆಯೇ ಒಳಗೆ ಕಳಿಸುತ್ತೇವೆ ಎಂದು ಗೇಟಿನವನು ಹೇಳಿದ್ದಾನೆ. ಓದಲಿ. ಇದನ್ನು ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಸಿಕ್ಕಿದ ದಿನವೇ ಸ್ಕೇಲಿನ ಹತ್ತಿರ ಹೋದೆ. ನಲವತ್ತಮೂರು ಹೆಸರು ಬರೆದು, ಈ ಗುರುತು ನನ್ನದು, ಇದರ ಅರ್ಥ ಅನುಮಾನವಲ್ಲ, ನಾನು ಸುಳ್ಳು ಹೇಳಿದೆ ಎಂದು ಸಹಿ ಹಾಕಿ ಮೇಜಿನ ಮೇಲೆ ಇಟ್ಟೆ. ಅವರು ಸಹಿಯ ಕೆಳಗೆ ಗೆರೆ ಎಳೆದರು. "ಇದನ್ನ ಹತ್ತು ದಿನ ಬಿಟ್ಟು ಕೊಟ್ಟಿದ್ರೆ ಕಾಯಂ ಆಗ್ತಿದ್ದೆ" ಎಂದರು. ಅಷ್ಟು ಕೆಟ್ಟ ಮನುಷ್ಯ ಅಲ್ಲ ಅನಿಸಿತು, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಕೆಲಸ ಹೋಯಿತು. ಹೊಸ ನೋಟೀಸುಗಳು ನಿಂತಿವೆ. ಆ ಮೊದಲ ಮೂವರು ಎಲ್ಲಿದ್ದಾರೆಂದು ಯಾರೂ ಹೇಳುತ್ತಿಲ್ಲ.

ಏಳು ದಿನದಿಂದ ದಿನಾ ಬೆಳಿಗ್ಗೆ ಈ ಗೇಟಿಗೆ ಬರುತ್ತಿದ್ದೇನೆ. ನಿನ್ನನ್ನು ಸುಳ್ಳು ಹೇಳಿಕೆಗಾಗಿ ಇಟ್ಟುಕೊಂಡಿದ್ದಾರಂತೆ. ಬಿಸಿನೀರು ಕೊಡುತ್ತಾರೋ ಇಲ್ಲವೋ ಎಂದು ಕೇಳಿದರೆ ಸಾಲಿನಲ್ಲಿ ಮುಂದಿನವರನ್ನು ಕರೆಯುತ್ತಾರೆ. ನೀನು ಮಗಳು ಎಂದದ್ದರಿಂದ ಅವಳ ಕಡತ ತನಿಖೆಯಲ್ಲಿದೆ, ಹೋದ ಗುರುವಾರದ ಲಾರಿಗೆ ಹತ್ತಿಸಿಲ್ಲ. ಆದರೆ ಅದಕ್ಕೆ ಮನೆಯವರೇ ಇನ್ನೊಬ್ಬರು ಸಾಕ್ಷಿ ಹೇಳಬೇಕಂತೆ. ಇಲ್ಲವಾದರೆ ನಾಳೆಯ ಲಾರಿ.

ಇವತ್ತು ಬೆಳಿಗ್ಗೆ ಕೌಂಟರಿನಲ್ಲಿ ಎರಡು ಫಾರಂ ಕೊಟ್ಟರು. ನಿನ್ನದರಲ್ಲಿ ಸಂಬಂಧ ಎಂಬಲ್ಲಿ ಮಗ ಎಂದು ಬರೆದೆ. ಅವಳದನ್ನು ಮುಂದಿಟ್ಟು ಅವನು, "ಇವಳಿಗೆ ಯಾ‌ರೂ ಇಲ್ಲ ಅಲ್ವಾ? ಅಡ್ಡಗೆರೆ ಹಾಕಿಬಿಡಿ" ಎಂದ. ನಾನು ಅಕ್ಕ ಎಂದು ಬರೆದೆ.

ಅವನು ಕಂಪ್ಯೂಟರ್ ನೋಡಿ, "ನಿಮ್ಮ ದಾಖಲೆಯಲ್ಲಿ ಅಕ್ಕ ಅಂತ ಯಾರೂ ಇಲ್ವಲ್ಲ" ಎಂದ.

"ನಮ್ಮಮ್ಮ ಮಗಳು ಅಂತ ಬರೆಸಿದಾರಲ್ಲ. ಅಮ್ಮನ ಮಗಳು ನನಗೇನಾಗ್ಬೇಕು, ನೀವೇ ಹೇಳಿ" ಎಂದೆ.

"ಇದು ಸುಳ್ಳು ಅಂತಾದ್ರೆ ನಿಮ್ಮ ವಾಸದ ಕಡತಾನೂ ತೆಗೀತೀವಿ. ಗೊತ್ತಲ್ಲ?"

ಗೊತ್ತು ಎಂದೆ. ಸಹಿ ಹಾಕಿದೆ. ಅವನು ಸೀಲು ಒತ್ತಿ, ನನ್ನ ಗುರುತಿನ ಚೀಟಿ ಒಳಗಿಟ್ಟುಕೊಂಡು, ಒಂದು ನೋಟೀಸು ಕೊಟ್ಟ. ಅವಳನ್ನು ನಾಳೆ ಲಾರಿಗೆ ಹತ್ತಿಸುವುದಿಲ್ಲ. ಇಪ್ಪತ್ತೆಂಟಕ್ಕೆ, ಬೆಳಿಗ್ಗೆ ಹತ್ತು ಗಂಟೆಗೆ, ಮೂವರದೂ ವಿಚಾರಣೆ ಒಟ್ಟಿಗೆ.

ನೀನು ಬರಬೇಡ ಎಂದಿದ್ದೆ. ಬರುತ್ತಿದ್ದೇನೆ. ಅಕ್ಕನಿಗೂ ಹೇಳು.

ನಿನ್ನ ಮಗ